ಅಲ್ಟ್ರಾಸೌಂಡ್ ಬಳಸಿ ಟೊಳ್ಳು ಲೋಹ ಆಕ್ಸೈಡ್ ಸೂಕ್ಷ್ಮಗೋಲ ತಯಾರಿಸುವುದು ಹೇಗೆ: ಕರಾವಳಿಯ ಲ್ಯಾಬ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೊಣಾಜೆ ಇರಲಿ, ಸುರತ್ಕಲ್ ಇರಲಿ, ಮಣಿಪಾಲ ಇರಲಿ, ಈ ಕೆಲಸಕ್ಕೆ ಹೊಸದಾಗಿ ಇಳಿದ ವಿದ್ಯಾರ್ಥಿಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಸೋನಿಕೇಟರ್‌ನಲ್ಲಿ ಎಷ್ಟು ಹೊತ್ತು ಇಡಬೇಕು?" ಸೋನಿಕೇಟರ್ ಎಂದರೆ ದ್ರವದೊಳಗೆ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದಷ್ಟು ಹೆಚ್ಚು ಆವರ್ತನದ ಶಬ್ದ, ಹಾಯಿಸುವ ಯಂತ್ರ. ಹೆಚ್ಚು ಹೊತ್ತು ಇಟ್ಟಷ್ಟೂ ಗೋಲ ಹೆಚ್ಚು ಟೊಳ್ಳಾಗುತ್ತದೆ ಎಂಬ ಲೆಕ್ಕ ಆ ಪ್ರಶ್ನೆಯ ಹಿಂದೆ ಇರುತ್ತದೆ. ಆ ಲೆಕ್ಕ ಸರಿಯಲ್ಲ. ಅಲ್ಟ್ರಾಸೌಂಡ್ ಒಂದೋ ಅಂಟಿಕೊಂಡ ಕಣಗಳನ್ನು ಬಿಡಿಸಿಕೊಡುತ್ತದೆ, ಇಲ್ಲವೇ ದ್ರಾವಣವನ್ನು ಸಣ್ಣ ಹನಿಗಳಾಗಿ ಒಡೆದುಕೊಡುತ್ತದೆ. ಟೊಳ್ಳು ಹುಟ್ಟುವುದು ಆಮೇಲೆ, ಫರ್ನೇಸಿನಲ್ಲಿ. ಬಿಸಿ ಯಾವ ವೇಗದಲ್ಲಿ ಏರುತ್ತದೆ ಎನ್ನುವುದರ ಮೇಲೆ ಅದು ನಿಂತಿದೆ.

ಈ ಬರಹದಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಇಂಗಾಲದ ಗೋಲಗಳನ್ನು ಅಚ್ಚಾಗಿ ಇಟ್ಟುಕೊಂಡು, ಅವುಗಳಿಗೆ ಲೋಹದ ಲವಣ ಕುಡಿಸಿ, ಕೊನೆಗೆ ಇಂಗಾಲವನ್ನು ಸುಟ್ಟು ತೆಗೆಯುವುದು. ಇಲ್ಲಿ ಬಿಸಿ ಎಷ್ಟು ನಿಧಾನವೋ ಅಷ್ಟು ಒಳ್ಳೆಯದು. ಎರಡನೆಯದು ಅಲ್ಟ್ರಾಸೌಂಡ್ ಮಂಜನ್ನು ಬಿಸಿ ಕೊಳವೆಯ ಮೂಲಕ ಹಾಯಿಸುವುದು. ಅಲ್ಲಿ ಹನಿ ಥಟ್ಟನೆ ಒಣಗಬೇಕು. ಉದಾಹರಣೆಗೆ ಸತುವಿನ ಆಕ್ಸೈಡನ್ನು ತೆಗೆದುಕೊಂಡಿದ್ದೇನೆ. ಅಗ್ಗ, ಅಪಾಯ ಕಡಿಮೆ, ಬಿಳಿ ಬಣ್ಣದ್ದಾದ್ದರಿಂದ ತಪ್ಪಿದ್ದು ಕಣ್ಣಿಗೇ ಕಾಣುತ್ತದೆ.

ಟೊಳ್ಳು ಯಾಕೆ ಬೇಕು ಎಂದರೆ, ಅನಿಲವು ಗೋಲದ ಗೋಡೆಯ ಹೊರಮೈ, ಒಳಮೈ ಎರಡನ್ನೂ ಮುಟ್ಟುತ್ತದೆ. ಗ್ಯಾಸ್ ಸೆನ್ಸರ್, ಫೋಟೋಕ್ಯಾಟಲಿಸ್ಟ್, ಬ್ಯಾಟರಿಯ ಆನೋಡ್ ಎಲ್ಲ ಕಡೆಗೂ ಅದರಿಂದ ಉಪಯೋಗವುಂಟು. ನಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆ ಮೀನು. ಕಡಲ ಮೀನು ಹಳಸುವಾಗ ಬರುವ ವಾಸನೆಯಲ್ಲಿ ಟ್ರೈಮೀಥೈಲ್ ಅಮೈನ್ ಇರುತ್ತದೆ. ಮಲ್ಪೆ ಬಂದರಿನಲ್ಲೋ ಮಂಗಳೂರು ದಕ್ಕೆಯಲ್ಲೋ ಮೂಗು ಮಾಡುವ ಆ ಕೆಲಸವನ್ನು ಲೋಹ ಆಕ್ಸೈಡ್ ಸೆನ್ಸರ್‌ನಿಂದ ಮಾಡಿಸುವ ಸಂಶೋಧನೆ ಸಾಕಷ್ಟು ನಡೆದಿದೆ.

ನೀರಿನೊಳಗೆ ನಡೆಯುವುದೆಂತ

ಅಲ್ಟ್ರಾಸೌಂಡ್ ಹಾಯುವಾಗ ನೀರಿನ ಒತ್ತಡ ಏರಿಳಿಯುತ್ತದೆ. ಒತ್ತಡ ಇಳಿದ ಕ್ಷಣ ಸಣ್ಣ ಗುಳ್ಳೆಗಳು ಹಿಗ್ಗುತ್ತವೆ, ಏರಿದ ಕ್ಷಣ ಕುಸಿಯುತ್ತವೆ. ಇದೇ ಕ್ಯಾವಿಟೇಶನ್. ಕುಸಿಯುವ ಗುಳ್ಳೆಯ ಗಣಿತವನ್ನು ಲಾರ್ಡ್ ರೇಲೀ 1917ರಲ್ಲೇ ಬರೆದಿದ್ದರು. ತೀವ್ರ ಅಲ್ಟ್ರಾಸೌಂಡ್‌ನಿಂದ ದ್ರವದ ಮೇಲೆ ಮಂಜು ಏಳುವುದನ್ನು ವುಡ್ ಮತ್ತು ಲೂಮಿಸ್ 1927ರಲ್ಲಿ ವರ್ಣಿಸಿದರು. ಕುಸಿಯುವ ಗುಳ್ಳೆಯೊಳಗೆ ಕ್ಷಣಮಾತ್ರ ಸುಮಾರು 5000 ಕೆಲ್ವಿನ್ ಬಿಸಿ ಹುಟ್ಟುತ್ತದೆ ಎಂದು ತೋರಿಸಿದವರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಸಸ್ಲಿಕ್ ಪ್ರಮುಖರು.

ಆ 5000 ಕೆಲ್ವಿನ್ ಓದಿ ಮರುಳಾಗಬೇಡಿ. ಲ್ಯಾಬಿನ ಸಾದಾ ಸೋನಿಕೇಟರ್ ಬಾತ್‌ನಲ್ಲಿ ಸತುವಿನ ಲವಣ ಆ ಬಿಸಿಗೆ ಆಕ್ಸೈಡ್ ಆಗುತ್ತದೆ ಎಂದು ಕಾಯುತ್ತ ಕೂರುವುದು ವ್ಯರ್ಥ. ಗುಳ್ಳೆಯ ಬಿಸಿಯನ್ನೇ ನೇರವಾಗಿ ಬಳಸುವ ವಿಧಾನಗಳೂ ಇವೆ: ಐರನ್ ಪೆಂಟಾಕಾರ್ಬೊನಿಲ್ ದ್ರವವನ್ನು ಇಂಗಾಲದ ಕಣಗಳ ಜೊತೆ ಸೋನಿಕೇಟ್ ಮಾಡಿ ಟೊಳ್ಳು ಹೆಮಟೈಟ್ (ಕಬ್ಬಿಣದ ಆಕ್ಸೈಡ್) ಪಡೆದದ್ದುಂಟು. ಆದರೆ ಆ ದ್ರವ ಭಾರಿ ವಿಷ. ಸಿಲಿಕಾ ಅಚ್ಚು ಬಳಸಿದರೆ ಅದನ್ನು ಕರಗಿಸಲು ಹೆಚ್ಚಾಗಿ ಹೈಡ್ರೋಫ್ಲೋರಿಕ್ ಆಮ್ಲ ಬಳಸುತ್ತಾರೆ. ಎರಡೂ ಹೊಸಬರ ಕೈಗೆ ಕೊಡುವ ವಸ್ತುಗಳಲ್ಲ. ಇಂಗಾಲವಾದರೆ ಗಾಳಿಯಲ್ಲೇ ಸುಟ್ಟುಹೋಗುತ್ತದೆ.

ಯಂತ್ರವನ್ನು ಮೊದಲು ಪರೀಕ್ಷಿಸಿ

ಮೂರು ಬಗೆಯ ಯಂತ್ರಗಳು ಸಿಗುತ್ತವೆ. ಬಾತ್, ಅಂದರೆ ನೀರು ತುಂಬಿ ಫ್ಲಾಸ್ಕ್ ಇಳಿಸುವ ತೊಟ್ಟಿ, ಸಾಮಾನ್ಯವಾಗಿ 33 ಅಥವಾ 40 ಕಿಲೋಹರ್ಟ್ಸ್‌ನದು. ಪ್ರೋಬ್, ಅಂದರೆ ದ್ರಾವಣಕ್ಕೇ ಅದ್ದುವ ಲೋಹದ ಕಡ್ಡಿ, 20 ಕಿಲೋಹರ್ಟ್ಸ್‌ನದು. ಹ್ಯುಮಿಡಿಫೈಯರ್‌ಗಳಲ್ಲಿ ಇರುವ ಮಂಜು ಎಬ್ಬಿಸುವ ಡಿಸ್ಕ್ ಹೆಚ್ಚಾಗಿ 1.7 ಮೆಗಾಹರ್ಟ್ಸ್‌ನದು. ಮೊದಲ ದಾರಿಗೆ ಬಾತ್ ಸಾಕು.

ಬಾತ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತುಂಡೊಂದನ್ನು ನೀರಿನಲ್ಲಿ ಒಂದೆರಡು ನಿಮಿಷ ನೇರವಾಗಿ ಇಳಿಬಿಡಿ. ಚುಕ್ಕೆ ಚುಕ್ಕೆ ಗುಳಿ, ಸಣ್ಣ ತೂತು ಬೀಳಬೇಕು. ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ, ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1480 ಮೀಟರ್. 40 ಕಿಲೋಹರ್ಟ್ಸ್‌ಗೆ ತರಂಗದ ಉದ್ದ 37 ಮಿಲಿಮೀಟರ್ ಆಗುತ್ತದೆ, ಜೋರು ಜಾಗದಿಂದ ಜೋರು ಜಾಗಕ್ಕೆ ಅದರ ಅರ್ಧ, ಅಂದರೆ ಸುಮಾರು 18 ಮಿಲಿಮೀಟರ್. ಫ್ಲಾಸ್ಕನ್ನು ಒಂದು ಸೆಂಟಿಮೀಟರ್ ಆಚೀಚೆ ಮಾಡಿದರೂ ಫಲಿತಾಂಶ ಬದಲಾಗುವುದು ಇದಕ್ಕೇ. ಜೋರಾಗಿ ತೂತು ಬಿದ್ದ ಎತ್ತರವನ್ನು ಮಾರ್ಕರ್‌ನಲ್ಲಿ ಗುರುತು ಹಾಕಿ, ಫ್ಲಾಸ್ಕಿನ ತಳ ಪ್ರತಿ ಸಲವೂ ಅಲ್ಲೇ ನಿಲ್ಲುವಂತೆ ಕ್ಲ್ಯಾಂಪ್ ಬಿಗಿಯಿರಿ. ತೊಟ್ಟಿಯ ತಳಕ್ಕೇ ಕೂರಿಸಬೇಡಿ.

ಬಾತ್‌ಗೆ ಡಿಸ್ಟಿಲ್ಡ್ ನೀರೇ ಹಾಕಿ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಸೇರುತ್ತದೆ, ಅದರ ಕ್ಲೋರೈಡ್ ಸ್ಟೀಲ್ ತೊಟ್ಟಿಯನ್ನು ಕೊರೆಯುತ್ತದೆ. ಹೊಸ ನೀರು ಹಾಕಿದ ಮೇಲೆ ಹತ್ತು ನಿಮಿಷ ಖಾಲಿ ಓಡಿಸಿ, ಕರಗಿದ ಗಾಳಿ ಹೊರಹೋಗಲಿ.

ಪ್ರೋಬ್ ಬಳಸುವವರು ಡಯಲ್ ಮೇಲಿನ ಶೇಕಡಾವನ್ನು ನಂಬಬಾರದು. ಒಂದು ಯಂತ್ರದ 40 ಇನ್ನೊಂದರ 40 ಅಲ್ಲ. 100 ಮಿ.ಲೀ. ನೀರಿನಲ್ಲಿ ಒಂದು ನಿಮಿಷ ಓಡಿಸಿ ಉಷ್ಣತೆ ಎಷ್ಟು ಏರಿತು ನೋಡಿ. 3 ಡಿಗ್ರಿ ಏರಿದರೆ ನೀರಿಗೆ ಸೇರಿದ ಶಕ್ತಿ ಸುಮಾರು 21 ವ್ಯಾಟ್. ಲ್ಯಾಬ್ ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಈ ವ್ಯಾಟನ್ನು. ಪ್ರೋಬಿನ ಟೈಟಾನಿಯಂ ತುದಿ ಸವೆದು ಮಾದರಿಗೆ ಸೇರುತ್ತದೆ ಎಂಬುದೂ ನೆನಪಿರಲಿ, ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಮಾಡುವವರಿಗಲ್ಲದೆ ಉಳಿದವರಿಗೆಲ್ಲ ಅದು ಕಲ್ಮಶ. ಕಿವಿಗೆ ಇಯರ್‌ಮಫ್ ಹಾಕಿಕೊಳ್ಳಿ.

ಇಂಗಾಲದ ಗೋಲ

70 ಮಿ.ಲೀ. ದ್ರಾವಣಕ್ಕೆ 12.6 ಗ್ರಾಂ ಗ್ಲೂಕೋಸ್ ಹಾಕಿದರೆ 1 ಮೋಲಾರ್ ಆಗುತ್ತದೆ. ಬಾಟಲಿಯ ಮೇಲೆ ಮೊನೊಹೈಡ್ರೇಟ್ ಎಂದಿದ್ದರೆ 13.9 ಗ್ರಾಂ ತೂಗಿ. 100 ಮಿ.ಲೀ. ಟೆಫ್ಲಾನ್ ಒಳಪದರದ ಸ್ಟೀಲ್ ಆಟೋಕ್ಲೇವ್‌ಗೆ (ಒತ್ತಡ ತಡೆಯುವ ಬಿಗಿ ಮುಚ್ಚಳದ ಪಾತ್ರೆ) ಸುರಿದು 180 °ಸೆ.ನಲ್ಲಿ 8ರಿಂದ 10 ಗಂಟೆ ಓವನ್‌ನಲ್ಲಿಡಿ. ಈ ಉಷ್ಣತೆಯಲ್ಲಿ ನೀರಿನ ಆವಿಯೊಂದರಿಂದಲೇ ಒಳಗೆ ಸುಮಾರು 10 ಬಾರ್ ಒತ್ತಡ ಇರುತ್ತದೆ. ಆದ್ದರಿಂದ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಬಿಸಿಯಿರುವಾಗ ಬಿಚ್ಚಬೇಡಿ. ರಾತ್ರಿ ಇಟ್ಟು, ಬೆಳಿಗ್ಗೆ ಓವನ್ ಆರಿಸಿ, ಮಧ್ಯಾಹ್ನ ಊಟ ಮುಗಿಸಿ ಬಂದು ಬಿಚ್ಚುವುದು ನೆಮ್ಮದಿಯ ಕ್ರಮ.

ಬಿಚ್ಚಿದಾಗ ಸಕ್ಕರೆ ಸೀದ ವಾಸನೆ ಬರುತ್ತದೆ, ಕಡು ಕಂದು ಬಣ್ಣದ ಕೆಸರು ಇರುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ನೀರಿನಲ್ಲಿ ಒಮ್ಮೆ, ಎಥನಾಲ್‌ನಲ್ಲಿ ಒಮ್ಮೆ ಎಂದು ಬದಲಿಸುತ್ತ, ಮೇಲಿನ ದ್ರವ ತಿಳಿಯಾಗುವ ತನಕ ತೊಳೆಯಿರಿ. ಪ್ರತಿ ತೊಳೆತದಲ್ಲೂ ಕೆಳಗೆ ಕೂತ ಗಟ್ಟಿಯನ್ನು ಬಾತ್‌ನಲ್ಲಿ ಐದು ನಿಮಿಷ ಬಿಡಿಸಿ. ಹಾಗೆ ಮಾಡದಿದ್ದರೆ ಗಟ್ಟಿಯ ಒಳಗಿನ ಕಂದು ಟಾರು ಹೊರಗೆ ಬರುವುದೇ ಇಲ್ಲ. 80 °ಸೆ.ನಲ್ಲಿ ಒಣಗಿಸಿ.

ಸಕ್ಕರೆಯ ಅಣುಗಳಿಂದ ನೀರು ಕಳೆದು, ಒಂದಕ್ಕೊಂದು ಸೇರಿ ಬೆಳೆದ ಈ ಗೋಲಗಳ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್, ಕಾರ್ಬೊನಿಲ್ ಗುಂಪುಗಳು ತುಂಬಿರುತ್ತವೆ. ಲೋಹದ ಅಯಾನು ಹಿಡಿದುಕೊಳ್ಳುವುದು ಇವುಗಳಿಗೇ. ಗೋಲ ಚೆನ್ನಾಗಿ ಕಪ್ಪಾಗಲಿ ಎಂದು ನೈಟ್ರೋಜನ್‌ನಲ್ಲಿ ಮತ್ತೆ ಸುಡುವವರಿದ್ದಾರೆ. ಸುಟ್ಟರೆ ಈ ಗುಂಪುಗಳೇ ಹೋಗಿಬಿಡುತ್ತವೆ, ಆಮೇಲೆ ಅಯಾನು ಕೂರಲು ಜಾಗವಿಲ್ಲ. ಕಂದು ಬಣ್ಣವೇ ನಮಗೆ ಬೇಕಾದ್ದು.

ಗೋಲದ ಅಳತೆ ಸಮಯ, ಸಾಂದ್ರತೆ, ಉಷ್ಣತೆ ಮೂರರ ಜೊತೆಗೂ ಬೆಳೆಯುತ್ತದೆ. ಮೊದಲ ಬ್ಯಾಚನ್ನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅಳೆಯದೆ ಮುಂದೆ ಹೋಗಬೇಡಿ, ಯಾಕೆಂದರೆ ಕೊನೆಗೆ ಸಿಗುವ ಟೊಳ್ಳು ಗೋಲ ಅಚ್ಚಿನ ಸುಮಾರು ಅರ್ಧಕ್ಕೆ ಕುಗ್ಗುತ್ತದೆ. ಒಂದು ಮೈಕ್ರೋಮೀಟರಿನ ಟೊಳ್ಳು ಬೇಕಿದ್ದರೆ ಅಚ್ಚು ಎರಡು ಮೈಕ್ರೋಮೀಟರ್ ಇರಬೇಕು. ಗ್ಲೂಕೋಸ್ ಅಷ್ಟು ದೊಡ್ಡದನ್ನು ಕೊಡದಿದ್ದರೆ ಶುದ್ಧ ಸುಕ್ರೋಸನ್ನು 1.5 ಮೋಲಾರ್‌ನಲ್ಲಿ, 190 °ಸೆ.ನಲ್ಲಿ ಪ್ರಯತ್ನಿಸಿ. ಬೆಲ್ಲ ಮಾತ್ರ ಬೇಡ, ಅದರಲ್ಲಿರುವ ಖನಿಜಗಳೆಲ್ಲ ಕೊನೆಗೆ ಆಕ್ಸೈಡಿನಲ್ಲಿ ಉಳಿಯುತ್ತವೆ.

ಲವಣ ಕುಡಿಸುವುದು

ಸೋನಿಕೇಟರ್‌ನ ಅಸಲಿ ಕೆಲಸ ಇಲ್ಲಿ. ಅರ್ಧ ಗ್ರಾಂ ಒಣ ಇಂಗಾಲದ ಪುಡಿಯನ್ನು ಮೊದಲು 10 ಮಿ.ಲೀ. ಬರೀ ನೀರಿಗೆ ಹಾಕಿ 15 ನಿಮಿಷ ಬಾತ್‌ನಲ್ಲಿಡಿ. ಲವಣ ಆಮೇಲೆ. ಈ ಕ್ರಮ ತಿರುಗಿಸಬೇಡಿ: ಗೋಲಗಳು ಒಂದನ್ನೊಂದು ದೂರ ತಳ್ಳುವುದು ತಮ್ಮ ಮೇಲಿನ ವಿದ್ಯುದಾವೇಶದಿಂದ, ಗಾಢ ಲವಣದ ದ್ರಾವಣದಲ್ಲಿ ಆ ಆವೇಶ ಮುಚ್ಚಿಹೋಗಿ ಅವು ಮುದ್ದೆಗಟ್ಟುತ್ತವೆ. ಮುದ್ದೆಯ ಒಳಗಿನ ಗೋಲಕ್ಕೆ ಲವಣ ತಲುಪುವುದಿಲ್ಲ, ಸುಟ್ಟ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ.

ಬಿಡಿಬಿಡಿಯಾಗಿದೆಯೇ ಎಂದು ನೋಡಲು ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಸಾದಾ ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ದೊಡ್ಡದು ಮಾಡಿ. ಚುಕ್ಕೆಗಳು ಒಂದೊಂದಾಗಿ ನಡುಗುತ್ತಿದ್ದರೆ ಸರಿ. ದ್ರಾಕ್ಷಿ ಗೊಂಚಲಿನ ಆಕಾರ ಕಂಡರೆ ಇನ್ನೂ ಹತ್ತು ನಿಮಿಷ.

ಈಗ 10.97 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟನ್ನು ನೀರಿನಲ್ಲಿ ಕರಗಿಸಿ 40 ಮಿ.ಲೀ. ಮಾಡಿ, ಎರಡು ಮೂರು ಹನಿ ಅಸಿಟಿಕ್ ಆಮ್ಲ ಸೇರಿಸಿ, ಇಂಗಾಲದ ನೀರಿಗೆ ನಿಧಾನವಾಗಿ ಬೆರೆಸಿ. ಒಟ್ಟು 50 ಮಿ.ಲೀ., 1 ಮೋಲಾರ್. ಬಾತ್‌ನಲ್ಲಿ 30 ನಿಮಿಷ ಇಡಿ. ಬಾತ್‌ನ ನೀರು 40 °ಸೆ. ದಾಟದಂತೆ ಐಸ್ ಹಾಕುತ್ತಿರಿ. ಎರಡು ಗಂಟೆ ಇಟ್ಟರೆ ಲಾಭವೇನೂ ಇಲ್ಲ, ನೀರು ಕಾಯುತ್ತದೆ ಅಷ್ಟೆ. ಕಾದ ನೀರಿನಲ್ಲಿ ಗುಳ್ಳೆಯೊಳಗೆ ಆವಿ ತುಂಬಿ ಕುಸಿತ ಮೆದುವಾಗುತ್ತದೆ. ಮೇಲಾಗಿ ಅಸಿಟೇಟ್ ಜಲವಿಭಜನೆಗೊಂಡು ಬಿಳಿ ಪುಡಿ ಬೇರೆಯೇ ಕೂರುತ್ತದೆ, ಅದು ಯಾವ ಗೋಲಕ್ಕೂ ಸೇರದ ಆಕ್ಸೈಡ್.

ಅರ್ಧ ಗಂಟೆಯ ಮೇಲೆ ಮುಚ್ಚಿ ಒಂದು ರಾತ್ರಿ ಹಾಗೇ ಬಿಡಿ. ಅಯಾನುಗಳು ಮೇಲ್ಪದರದೊಳಗೆ ಇಳಿಯಲು ಬೇಕಾದದ್ದು ಸಮಯ, ಗದ್ದಲವಲ್ಲ.

ಮರುದಿನ ಸೆಂಟ್ರಿಫ್ಯೂಜ್ ಮಾಡಿ, ನೀರು ಮತ್ತು ಎಥನಾಲ್ ಸಮಪಾಲಿನ ಮಿಶ್ರಣದಲ್ಲಿ ಒಮ್ಮೆ ಮಾತ್ರ, ಬೇಗ ತೊಳೆಯಿರಿ. ಈ ಒಂದು ತೊಳೆತ ನಾಜೂಕಿನದು. ತೊಳೆಯದೆ ಬಿಟ್ಟರೆ ಗೋಲಗಳ ಸಂದಿಯಲ್ಲಿ ಉಳಿದ ಲವಣ ಚೂರುಚೂರು ಗಟ್ಟಿ ಹರಳಾಗುತ್ತದೆ. ನಾಲ್ಕು ಸಲ ತೊಳೆದರೆ ಹಿಡಿದುಕೊಂಡದ್ದೂ ಹೋಗಿ, ಸುಟ್ಟ ಮೇಲೆ ಗೋಡೆ ತೀರಾ ತೆಳುವಾಗಿ ಕುಸಿಯುತ್ತದೆ. 60 °ಸೆ.ನಲ್ಲಿ ರಾತ್ರಿಯಿಡೀ ಒಣಗಿಸಿ. ಜೋರು ಮಳೆಯ ಆಟಿ ತಿಂಗಳಾದರೆ ಓವನ್‌ನಿಂದ ತೆಗೆದು ಮೇಜಿನ ಮೇಲೆ ಬಿಡಬೇಡಿ, ನೇರ ಡೆಸಿಕೇಟರ್‌ಗೆ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ). ಅದರ ಸಿಲಿಕಾ ಜೆಲ್‌ನ ಬಣ್ಣವನ್ನೂ ನೋಡಿ. ಮಳೆಗಾಲದಲ್ಲಿ ಅದು ನೀರು ಕುಡಿದು ಸತ್ತಿರುವುದೇ ಹೆಚ್ಚು.

ಅಸಿಟೇಟ್ ಬದಲು ಜಿಂಕ್ ನೈಟ್ರೇಟ್ ಬಳಸಬಹುದೇ? ಬಳಸುತ್ತಾರೆ. ಆದರೆ ನೈಟ್ರೇಟ್ ಆಕ್ಸಿಡೈಸರ್, ಅಂದರೆ ಉರಿಗೆ ಆಮ್ಲಜನಕ ಕೊಡುವಂಥದ್ದು; ಇಂಗಾಲ ಇಂಧನ. ಎರಡೂ ಒಟ್ಟಿಗೆ ಒಣಗಿದ ಪುಡಿಯನ್ನು ಫರ್ನೇಸಿಗೆ ಹಾಕುವುದೆಂದರೆ ಏನೆಂದು ಹೇಳಬೇಕಿಲ್ಲ. ತೊಳೆದು, ಕಾಲು ಗ್ರಾಂ ಮೀರದಂತೆ, ನಿಧಾನ ಬಿಸಿಯಲ್ಲಿ ಮಾತ್ರ ಮಾಡಿ. ಒರಳಿನಲ್ಲಿ ಅರೆಯಲೇಬೇಡಿ. ಹೊಸಬರಿಗೆ ನನ್ನ ಸಲಹೆ ಅಸಿಟೇಟ್.

ಸುಡುವುದು

ಪುಡಿಯನ್ನು ಅಲ್ಯೂಮಿನಾ ಬೋಟಿನಲ್ಲಿ (ದೋಣಿಯಾಕಾರದ ಪಿಂಗಾಣಿಯಂಥ ತಟ್ಟೆ) ಎರಡು ಮೂರು ಮಿಲಿಮೀಟರ್ ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ. ಮುಚ್ಚಳ ಬೇಡ. ಫರ್ನೇಸಿನ ಹೊಗೆಕಿಂಡಿ ತೆರೆದಿರಲಿ, ಒಳಗೆ ಗಾಳಿ ಆಡಲಿ.

ಪ್ರೋಗ್ರಾಂ ಹೀಗಿರಲಿ. 30ರಿಂದ 150 °ಸೆ. ತನಕ ನಿಮಿಷಕ್ಕೆ 2 ಡಿಗ್ರಿ, ಅಲ್ಲಿ ಅರ್ಧ ಗಂಟೆ ನಿಲುಗಡೆ. 150ರಿಂದ 450 ತನಕ ನಿಮಿಷಕ್ಕೆ 1 ಡಿಗ್ರಿ. 450ರಲ್ಲಿ ಎರಡು ಗಂಟೆ. ಆಮೇಲೆ ತಾನಾಗಿ ತಣಿಯಲಿ. ಏರುವುದು ನಿಲ್ಲುವುದು ಸೇರಿ ಎಂಟೂವರೆ ಗಂಟೆ. ಬೆಳಿಗ್ಗೆ ಎಂಟಕ್ಕೆ ಹಾಕಿದರೆ ಸಂಜೆ ನಾಲ್ಕೂವರೆಗೆ ಬಿಸಿ ನಿಲ್ಲುತ್ತದೆ.

ನಿಮಿಷಕ್ಕೆ 1 ಡಿಗ್ರಿ ಯಾಕೆ ಎಂದು ತಾಳ್ಮೆಗೆಟ್ಟವರು ಕೇಳುತ್ತಾರೆ. ಇಂಗಾಲ ಉರಿಯುವುದು ಹೆಚ್ಚಾಗಿ 300ರಿಂದ 500ರ ನಡುವೆ. ಉರಿಯುವಾಗ ಅದು ತಾನೇ ಬಿಸಿ ಬಿಡುತ್ತದೆ. ನಿಧಾನವಾಗಿ ಹೋದರೆ ಗೋಲ ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಮೇಲ್ಪದರದಲ್ಲಿದ್ದ ಸತು ಆ ಕುಗ್ಗುವಿಕೆಯ ಜೊತೆಗೇ ಒಳಕ್ಕೆ ಸರಿದು, ಹತ್ತಿರ ಹತ್ತಿರ ಬಂದು, ಆಕ್ಸೈಡಿನ ಗೋಡೆಯಾಗಿ ಹೆಣೆದುಕೊಳ್ಳುತ್ತದೆ. ಒಳಗೆ ಉಳಿದ ಇಂಗಾಲ ಆ ಗೋಡೆಯ ರಂಧ್ರಗಳ ಮೂಲಕ ಅನಿಲವಾಗಿ ಹೊರಹೋಗುತ್ತದೆ. ನಿಮಿಷಕ್ಕೆ 10 ಡಿಗ್ರಿ ಹಾಕಿದರೆ ಪುಡಿಗೆ ಪುಡಿಯೇ ಹೊತ್ತಿಕೊಂಡು, ಕಂಟ್ರೋಲರ್ 350 ತೋರಿಸುವಾಗ ಬೋಟಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಇರುತ್ತದೆ. ಉಷ್ಣತೆ ಅಳೆಯುವ ಥರ್ಮೋಕಪಲ್ ಇರುವುದು ಫರ್ನೇಸಿನ ಗೋಡೆಯ ಬಳಿ, ಪುಡಿಯೊಳಗಲ್ಲ. ಅನಿಲ ಒಮ್ಮೆಗೇ ನುಗ್ಗಿ ಗೋಡೆ ಒಡೆಯುತ್ತದೆ, ಒಡೆದ ಚೂರುಗಳು ಅತಿ ಬಿಸಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಬಿಸಿ ಏರಿಸುವ ವೇಗ ಮತ್ತು ಅಚ್ಚಿನೊಳಗೆ ಲವಣ ಇಳಿದ ಆಳ ಇವೆರಡನ್ನೂ ಹದಮಾಡಿ ಗೋಲದೊಳಗೆ ಗೋಲ, ಅದರೊಳಗೆ ಮತ್ತೊಂದು ಎಂದು ಬಹುಪದರದ ಟೊಳ್ಳು ಪಡೆದವರೂ ಇದ್ದಾರೆ. ಒಂದು ಪದರ ಕೈಗೆ ಹತ್ತಿದ ಮೇಲೆ ಅತ್ತ ಹೋಗಿ.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. 250 ಡಿಗ್ರಿಗಿಂತ ಕೆಳಗಿದ್ದಾಗ ಹೋದರೆ ಚಿಂತೆಯಿಲ್ಲ, ಮೊದಲಿನಿಂದ ಶುರುಮಾಡಿ. ಉರಿಯುವ ಹಂತದಲ್ಲಿ ಹೋದರೆ ತೊಂದರೆ. ಕೆಲವು ಕಂಟ್ರೋಲರ್‌ಗಳು ಕರೆಂಟ್ ಬಂದ ಕೂಡಲೇ ನಿಂತ ಉಷ್ಣತೆಗೆ ಪೂರ್ತಿ ಶಕ್ತಿಯಿಂದ ಓಡುತ್ತವೆ. ನಿಮ್ಮದು ಹೇಗೆ ವರ್ತಿಸುತ್ತದೆ ಎಂದು ಖಾಲಿ ಫರ್ನೇಸಿನಲ್ಲಿ ಒಮ್ಮೆ ಸ್ವಿಚ್ ಆರಿಸಿ ನೋಡಿಕೊಳ್ಳಿ.

ತೆಗೆದಾಗ ಪುಡಿ ಹಳದಿಯಾಗಿದ್ದರೆ ಗಾಬರಿಯಾಗಬೇಡಿ, ಬಿಸಿ ಜಿಂಕ್ ಆಕ್ಸೈಡ್ ಹಳದಿಯೇ, ತಣಿದಂತೆ ಬಿಳಿಯಾಗುತ್ತದೆ. ತಣಿದ ಮೇಲೂ ಬೂದು ಬಣ್ಣ ಉಳಿದರೆ ಇಂಗಾಲ ಬಾಕಿಯಿದೆ ಎಂದರ್ಥ. 450ರಲ್ಲೇ ಮತ್ತೆರಡು ಗಂಟೆ ಇಡಿ. ಬೇಗ ಮುಗಿಸಲು 700ಕ್ಕೆ ಏರಿಸಿದರೆ ಗೋಡೆಯ ಹರಳುಗಳು ದಪ್ಪವಾಗಿ ಬೆಳೆದು ಗೋಡೆಯೇ ಬಿಟ್ಟುಕೊಳ್ಳುತ್ತದೆ.

ಮಂಜಿನ ದಾರಿ

ಇದು ಅಲ್ಟ್ರಾಸಾನಿಕ್ ಸ್ಪ್ರೇ ಪೈರಾಲಿಸಿಸ್. ಅಚ್ಚು ಬೇಡ, ರಾತ್ರಿಯಿಡೀ ಕಾಯುವುದು ಬೇಡ, ಆದರೆ ಗ್ಲಾಸ್ ಬ್ಲೋಯಿಂಗ್ ಮಾಡುವವರ ಸ್ನೇಹ ಬೇಕು. 1.7 ಮೆಗಾಹರ್ಟ್ಸ್ ಡಿಸ್ಕನ್ನು ನೀರಿನಲ್ಲಿ ಮುಳುಗಿಸಿ. ದ್ರಾವಣವನ್ನು ಅದರ ಮೇಲೆ ನೇರ ಹಾಕದೆ, ತೆಳು ಪ್ಲಾಸ್ಟಿಕ್ ಹಾಳೆ ಬಿಗಿದ ತಳದ ಗಾಜಿನ ಪಾತ್ರೆಯಲ್ಲಿಟ್ಟು ಆ ನೀರಿಗೆ ತಾಗಿಸಿ. ಶಬ್ದ ಹಾಳೆಯ ಮೂಲಕ ಹಾಯುತ್ತದೆ, ಆಮ್ಲೀಯ ದ್ರಾವಣ ಮಾತ್ರ ಡಿಸ್ಕಿಗೆ ತಾಗುವುದಿಲ್ಲ. ಎದ್ದ ಮಂಜನ್ನು ಗಾಳಿಯ ಹರಿವು ಕ್ವಾರ್ಟ್ಜ್ ಕೊಳವೆಗೆ ಒಯ್ಯುತ್ತದೆ.

ಹನಿಯ ಅಳತೆಗೆ ಲ್ಯಾಂಗ್ 1962ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತದೆ: ಎಂಟು ಪೈ ಗುಣಿಸು ಮೇಲ್ಮೈ ಸೆಳೆತ, ಅದನ್ನು ಸಾಂದ್ರತೆ ಮತ್ತು ಆವರ್ತನದ ವರ್ಗ ಇವೆರಡರ ಗುಣಲಬ್ಧದಿಂದ ಭಾಗಿಸಿ, ಘನಮೂಲ ತೆಗೆದು, 0.34ರಿಂದ ಗುಣಿಸಿ. ನೀರಿಗೆ, 1.7 ಮೆಗಾಹರ್ಟ್ಸ್‌ಗೆ ಬರುವುದು 2.9 ಮೈಕ್ರೋಮೀಟರ್. ಆವರ್ತನ 2.4 ಆದರೆ 2.3.

ಈಗ ಆಟ ಒಣಗುವ ವೇಗದ್ದು. ಹನಿ ನಿಧಾನವಾಗಿ ಒಣಗಿದರೆ ಒಳಗಿನ ಲವಣಕ್ಕೆ ಸಮನಾಗಿ ಹರಡಿಕೊಳ್ಳಲು ಸಮಯ ಸಿಕ್ಕಿ ಗಟ್ಟಿ ಕಣ ಆಗುತ್ತದೆ. ವೇಗವಾಗಿ ಒಣಗಿದರೆ ಮೇಲ್ಮೈಯಲ್ಲೇ ಲವಣ ಹೆಪ್ಪುಗಟ್ಟಿ ಚಿಪ್ಪು ಕಟ್ಟುತ್ತದೆ, ಉಳಿದ ನೀರು ಆ ಚಿಪ್ಪಿನ ಮೂಲಕ ಆವಿಯಾಗಿ ಹೋಗುತ್ತದೆ. ಮಂಗಳೂರು ಬನ್ಸ್ ಕಾದ ಎಣ್ಣೆಯಲ್ಲಿ ಉಬ್ಬಿ, ತಣ್ಣಗಿನ ಎಣ್ಣೆಯಲ್ಲಿ ಚಪ್ಪಟೆ ಬೀಳುವುದೂ ಇದೇ ನ್ಯಾಯದಿಂದ. ಗಟ್ಟಿ ಕಣ ಬೇಕೆಂದು ಸ್ಪ್ರೇ ಮಾಡುವವರಿಗೆ ಟೊಳ್ಳು ಒಂದು ಪೀಡೆ. ಅವರು ಪುಸ್ತಕಗಳಲ್ಲಿ ತಪ್ಪಿಸಲು ಹೇಳುವುದನ್ನೆಲ್ಲ ನಾವು ಬೇಕೆಂದೇ ಮಾಡುತ್ತೇವೆ: ಹನಿಯನ್ನು ಮೆಲ್ಲಗೆ ಕಾಯಿಸದೆ ನೇರ 700 °ಸೆ. ವಲಯಕ್ಕೆ ನುಗ್ಗಿಸುವುದು, ಬೇಗ ಸಂತೃಪ್ತವಾಗುವ ದ್ರಾವಣ ಆರಿಸುವುದು.

ಕೊಳವೆಯೊಳಗೆ ಹನಿ ಎಷ್ಟು ಹೊತ್ತು ಇರುತ್ತದೆ? ಒಳವ್ಯಾಸ 25 ಮಿಲಿಮೀಟರ್, ಬಿಸಿ ಉದ್ದ 60 ಸೆಂಟಿಮೀಟರ್ ಆದರೆ ಗಾತ್ರ ಸುಮಾರು 295 ಘನ ಸೆಂಟಿಮೀಟರ್. ಗಾಳಿ ನಿಮಿಷಕ್ಕೆ 1 ಲೀಟರ್ ಬಿಟ್ಟರೂ 700 ಡಿಗ್ರಿಯಲ್ಲಿ ಅದು 3.3 ಪಟ್ಟು ಹಿಗ್ಗುವುದರಿಂದ ಸಿಗುವ ಸಮಯ ಸುಮಾರು 5 ಸೆಕೆಂಡ್. ಹಿಗ್ಗುವುದನ್ನು ಮರೆತು 18 ಸೆಕೆಂಡ್ ಎಂದು ಪ್ರಬಂಧದಲ್ಲಿ ಬರೆದುಬಿಡುವವರು ಬೇಕಾದಷ್ಟು ಜನ.

ಸ್ಪ್ರೇಗೆ ಜಿಂಕ್ ನೈಟ್ರೇಟ್ 0.5 ಮೋಲಾರ್ ಸರಿಹೋಗುತ್ತದೆ. ಅಸಿಟೇಟ್ ಬಿಸಿಯಾದಾಗ ಭಾಗಶಃ ಆವಿಯಾಗಿ ಹಾರುವ ಸ್ವಭಾವದ್ದು. ಆದರೆ ನೈಟ್ರೇಟ್ ಹೆಕ್ಸಾಹೈಡ್ರೇಟ್ ನಮ್ಮ ಊರಿಗೆ ಹೇಳಿ ಮಾಡಿಸಿದ ಪೀಡೆ: ಮಳೆಗಾಲದ ಗಾಳಿಯಲ್ಲಿ ನೀರು ಕುಡಿದು ಒದ್ದೆ ಮುದ್ದೆಯಾಗುತ್ತದೆ, ಕರಗುವ ಬಿಂದು ಸುಮಾರು 36 °ಸೆ. ಆದ್ದರಿಂದ ಏಪ್ರಿಲ್‌ನಲ್ಲಿ ಕಿಟಕಿ ಬಳಿಯ ಬಾಟಲಿಯಲ್ಲೇ ಕರಗಿಬಿಡುತ್ತದೆ. ತೂಗಿದ್ದನ್ನು ನಂಬಬೇಡಿ. ಗಾಢ ದ್ರಾವಣ ಮಾಡಿಟ್ಟು, ಪಿಎಚ್ 10ರ ಬಫರ್‌ನಲ್ಲಿ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿ ಇಡಿಟಿಎ ಟೈಟ್ರೇಶನ್ ಮಾಡಿ ಸಾಂದ್ರತೆ ಗೊತ್ತುಮಾಡಿಕೊಳ್ಳಿ. ಬಿಎಸ್ಸಿಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಾಳಿಯನ್ನು ಸಿಲಿಕಾ ಜೆಲ್ ಗೋಪುರದ ಮೂಲಕ ಬಿಡಿ. ಮಂಜು ಅದನ್ನು ಮತ್ತೆ ಒದ್ದೆ ಮಾಡುತ್ತದೆ ನಿಜ, ಆದರೆ ಜುಲೈಯ ಬ್ಯಾಚ್ ಮತ್ತು ಜನವರಿಯ ಬ್ಯಾಚ್ ಒಂದೇ ನೆಲೆಯಿಂದ ಹೊರಡುತ್ತವೆ.

ಸಂಗ್ರಹಿಸುವಲ್ಲಿ ಒಂದು ಬಲೆಯುಂಟು. ಹೊರಬರುವ ಅನಿಲವನ್ನು ನೀರಿನ ಬಬ್ಲರ್‌ಗೆ ಬಿಡುವುದು ಸುಲಭ. ಆದರೆ ನೈಟ್ರೇಟಿನಿಂದ ಹುಟ್ಟಿದ ನೈಟ್ರೋಜನ್ ಆಕ್ಸೈಡ್‌ಗಳು ಆ ನೀರನ್ನು ಆಮ್ಲ ಮಾಡುತ್ತವೆ, ಆಮ್ಲ ಜಿಂಕ್ ಆಕ್ಸೈಡನ್ನು ತಿನ್ನುತ್ತದೆ. ಚಂದದ ಟೊಳ್ಳು ಗೋಲ ಬಬ್ಲರ್‌ನಲ್ಲೇ ಕರಗಿಹೋಗುತ್ತದೆ. ಗ್ಲಾಸ್ ಫೈಬರ್ ಫಿಲ್ಟರನ್ನು ಹೀಟಿಂಗ್ ಟೇಪ್ ಸುತ್ತಿ 120 °ಸೆ.ನಲ್ಲಿಟ್ಟು ಒಣದಾಗಿಯೇ ಹಿಡಿಯಿರಿ. ಫಿಲ್ಟರ್ ಆದ ಮೇಲೆ ಬಬ್ಲರ್ ಇಡಿ, ಹೊರಗಾಳಿ ಫ್ಯೂಮ್ ಹುಡ್‌ನೊಳಗೇ ಹೋಗಲಿ. ಫಿಲ್ಟರ್ ಬಿಚ್ಚುವಾಗ ಮಾಸ್ಕ್ ಹಾಕಿಕೊಳ್ಳಿ, ಇಷ್ಟು ನಯವಾದ ಸತುವಿನ ಆಕ್ಸೈಡ್ ಉಸಿರಿಗೆ ಹೋಗಬಾರದು.

ಟೊಳ್ಳೋ ಗಟ್ಟಿಯೋ

ಮೈಕ್ರೋಸ್ಕೋಪಿನ ಸ್ಲಾಟ್ ಸಿಗುವ ಮೊದಲೇ ಕಾಗದದ ಮೇಲೆ ಒಂದು ಅಂದಾಜು ಮಾಡಬಹುದು. 0.5 ಮೋಲಾರ್ ದ್ರಾವಣದ ಒಂದು ಲೀಟರಿನಲ್ಲಿ 40.7 ಗ್ರಾಂ ಜಿಂಕ್ ಆಕ್ಸೈಡ್ ಆಗುವಷ್ಟು ಸತು ಇದೆ. ಅದರ ಸಾಂದ್ರತೆ 5.6, ಅಂದರೆ ಹನಿಯ ಗಾತ್ರದ 0.73 ಶೇಕಡಾ ಮಾತ್ರ ಆಕ್ಸೈಡ್. 2.9 ಮೈಕ್ರೋಮೀಟರ್ ಹನಿ ಪೂರ್ತಿ ಗಟ್ಟಿ ಕಣವಾದರೆ ವ್ಯಾಸ 0.56 ಮೈಕ್ರೋಮೀಟರ್ ಆಗಬೇಕು. ಚಿತ್ರದಲ್ಲಿ 1 ಮೈಕ್ರೋಮೀಟರ್ ಕಂಡರೆ ಅದರ 80 ಶೇಕಡಾಕ್ಕೂ ಹೆಚ್ಚು ಭಾಗ ಖಾಲಿ. ಒಂದು ಎಚ್ಚರ: ಎಂಟು ಹನಿ ದಾರಿಯಲ್ಲಿ ಕೂಡಿಕೊಂಡರೂ ವ್ಯಾಸ ಇಮ್ಮಡಿಯಾಗುತ್ತದೆ. ಆದ್ದರಿಂದ ಲೆಕ್ಕವೊಂದೇ ಸಾಕ್ಷಿಯಲ್ಲ.

ಸ್ಕ್ಯಾನಿಂಗ್ ಮೈಕ್ರೋಸ್ಕೋಪಿನಲ್ಲಿ ಒಡೆದ ಗೋಲಗಳನ್ನು ಹುಡುಕಿ. ತೂತಿನೊಳಗೆ ಕತ್ತಲೆ, ಅಂಚಿನಲ್ಲಿ ಗೋಡೆಯ ದಪ್ಪ ಕಾಣಬೇಕು. ಎಲ್ಲವೂ ಇಡಿಯಾಗಿದ್ದರೆ ಚೂರು ಪುಡಿಯನ್ನು ಎರಡು ಗಾಜಿನ ಸ್ಲೈಡುಗಳ ನಡುವೆ ಮೆಲ್ಲಗೆ ಒತ್ತಿ. ಟ್ರಾನ್ಸ್‌ಮಿಷನ್ ಮೈಕ್ರೋಸ್ಕೋಪಿನಲ್ಲಿ ನಡು ತಿಳಿ, ಅಂಚು ಕಪ್ಪು ಕಾಣಬೇಕು. ಮಾದರಿ ತಯಾರಿಸುವಾಗ ಸೋನಿಕೇಟರ್‌ನಲ್ಲಿ ಕೆಲವೇ ಸೆಕೆಂಡ್ ಇಡಿ. ಹತ್ತು ನಿಮಿಷ ಇಟ್ಟು ಗೋಲಗಳನ್ನೆಲ್ಲ ಪುಡಿಮಾಡಿ, "ಟೊಳ್ಳು ಬರಲೇ ಇಲ್ಲ" ಎಂದು ಪ್ರಯೋಗವನ್ನೇ ಬಿಟ್ಟವರುಂಟು.

ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ ತಾಮ್ರದ ಕಿರಣಕ್ಕೆ 31.8, 34.4, 36.3 ಡಿಗ್ರಿಗಳಲ್ಲಿ ಶಿಖರಗಳು ಬಂದರೆ ಜಿಂಕ್ ಆಕ್ಸೈಡ್ ಆಗಿದೆ ಎಂದಾಯಿತು. ಟೊಳ್ಳೋ ಅಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಇನ್ನೊಂದು ಮಾತು, 1 ಮೈಕ್ರೋಮೀಟರ್ ಗೋಲಕ್ಕೆ 0.1 ಮೈಕ್ರೋಮೀಟರ್ ಗೋಡೆ ತೆಳುವೆಂದು ಕಾಣಬಹುದು. ಲೆಕ್ಕ ಹಾಕಿದರೆ ಆ ಗೋಲದ 49 ಶೇಕಡಾ ಗಾತ್ರ ಗೋಡೆಯೇ! ಗೋಡೆ ಅದರ ಅರ್ಧಕ್ಕಿಳಿದರೆ 27 ಶೇಕಡಾ.

ಬೇರೆ ಆಕ್ಸೈಡ್‌ಗಳು, ಮತ್ತು ಸಿಂಕಿಗೆ ಸುರಿಯಬಾರದ್ದು

ಕೋಬಾಲ್ಟ್, ನಿಕಲ್, ಕಬ್ಬಿಣ ಎಲ್ಲವೂ ಇಂಗಾಲದ ದಾರಿಯಲ್ಲಿ ಬರುತ್ತವೆ. ಕೋಬಾಲ್ಟ್ ಆಕ್ಸೈಡ್ ಕಪ್ಪಾದ್ದರಿಂದ ಇಂಗಾಲ ಉಳಿದಿದೆಯೇ ಎಂದು ಬಣ್ಣದಿಂದ ತಿಳಿಯುವುದಿಲ್ಲ, ತೂಕನಷ್ಟದ ಪರೀಕ್ಷೆ ಮಾಡಿಸಿ. ಟೈಟಾನಿಯಾ ಬೇಕಾದವರು ಟೈಟಾನಿಯಂ ಆಲ್ಕಾಕ್ಸೈಡನ್ನು ಒಣ ಎಥನಾಲ್‌ನಲ್ಲಿ ಬಳಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ತೆರೆದ ಮೇಜಿನ ಮೇಲೆ ಅದು ಆಗದ ಕೆಲಸ, ಬಾಟಲಿಯ ಬಾಯಲ್ಲೇ ಬಿಳಿಗಟ್ಟುತ್ತದೆ. ಗ್ಲವ್ ಬಾಕ್ಸ್ ಇಲ್ಲದಿದ್ದರೆ ಡಿಸೆಂಬರ್‌ಗೆ ಮುಂದೂಡಿ.

ಉಳಿದ ಸತುವಿನ ದ್ರಾವಣವನ್ನು ಒಂದೆರಡು ಸಲ ಮತ್ತೆ ಬಳಸಬಹುದು, ಆಮೇಲೆ ಎಸೆಯಬೇಕು. ವಾಷಿಂಗ್ ಸೋಡಾ ಹಾಕಿ ಪಿಎಚ್ 9ರಿಂದ 10ಕ್ಕೆ ತಂದರೆ ಸತು ಬಿಳಿಯಾಗಿ ಕೆಳಗೆ ಕೂರುತ್ತದೆ. ಸೋಸಿ, ಒಣಗಿಸಿ, ಘನ ತ್ಯಾಜ್ಯದ ಡಬ್ಬಿಗೆ ಹಾಕಿ. ಕಾಸ್ಟಿಕ್ ಸೋಡಾ ಬಳಸುವವರು ಕೈ ಬಿಗಿ ಹಿಡಿಯಬೇಕು, ಅತಿಯಾದರೆ ಕೂತ ಸತು ಮತ್ತೆ ಕರಗಿ ಜಿಂಕೇಟ್ ಆಗಿ ಸಿಂಕಿನ ದಾರಿ ಹಿಡಿಯುತ್ತದೆ. ಆಟೋಕ್ಲೇವ್‌ನ ಕಂದು ದ್ರವದಲ್ಲಿ ಫ್ಯೂರಾನ್ ಜಾತಿಯ ಸಂಯುಕ್ತಗಳಿರುತ್ತವೆ. ಅದನ್ನು ಸಾವಯವ ತ್ಯಾಜ್ಯದ ಕ್ಯಾನಿಗೆ ಬೇರೆಯಾಗಿಯೇ ಸುರಿಯಿರಿ, ನೈಟ್ರೇಟ್ ಇರುವ ಕ್ಯಾನಿಗೆ ಬೆರೆಸಬೇಡಿ.